ಬದುಕಿರುವವರ ಸಾಲು

ಪೊಯಾನ
ಆಗಸ್ಟ್ ೯, ೧೯೬೪, ಭಾನುವಾರ ಮಧ್ಯಾಹ್ನ

ನನ್ನ ಮುದ್ದು ರುಕ್ಸಾಂದ್ರ,

ಮೊದಲು ಕೂತುಕೋ. ಮಗುವನ್ನು ಎತ್ತಿಕೊಂಡಿದ್ದರೆ ಕೆಳಗೆ ಬಿಡು, ಒಲೆಯ ಮೇಲೆ ಏನಾದರೂ ಇದ್ದರೆ ಇಳಿಸು. ನಿನ್ನ ಅಪ್ಪ ಮನೆಗೆ ಬಂದಿದ್ದಾರೆ.

ಇನ್ನೊಮ್ಮೆ ಬರೆಯುತ್ತೇನೆ. ನಿನಗೋಸ್ಕರ ಅಲ್ಲ, ನನಗೇ ಬರೆಯಬೇಕು ಅನ್ನಿಸುತ್ತಿದೆ. ನಿನ್ನ ಅಪ್ಪ ಮನೆಗೆ ಬಂದಿದ್ದಾರೆ. ಜೀವಂತವಾಗಿ ಬಂದಿದ್ದಾರೆ. ಮುಂದಿನ ಹಲ್ಲು ನಾಲ್ಕು ಇಲ್ಲ, ಎಡಗಿವಿ ಮಂದ, ಮೈಯಲ್ಲಿ ಮಾಂಸ ಅನ್ನುವಂಥದ್ದು ಏನೂ ಇಲ್ಲ. ಉಳಿದದ್ದೆಲ್ಲ ಇದೆ. ಈಗ ಹಿತ್ತಲಲ್ಲಿ ಪ್ಲಮ್ ಮರದ ಕೆಳಗಿನ ಬೆಂಚಿನ ಮೇಲೆ ಮಲಗಿದ್ದಾರೆ. ಗೊರಕೆ ಅಡುಗೆಮನೆಯವರೆಗೆ ಕೇಳುತ್ತಿದೆ. ಆ ಗೊರಕೆಗೆ ನಾನು ಎಷ್ಟು ಬೈಯುತ್ತಿದ್ದೆ ಅಂತ ನಿನಗೆ ಗೊತ್ತಲ್ಲ. ಇವತ್ತು ಕಿಟಕಿ ತೆರೆದಿಟ್ಟುಕೊಂಡು ಕೇಳುತ್ತಾ ಬರೆಯುತ್ತಿದ್ದೇನೆ.

ಮೂರು ವರ್ಷದಿಂದ ಒಂದಕ್ಷರ ಬರೆಯದ ಅಮ್ಮ ಈಗ ಪುಟಗಟ್ಟಲೆ ಬರೆಯಲು ಕೂತಿದ್ದಾಳೆ ಅಂತ ನಿನಗೆ ನಗು ಬರಬಹುದು. ಬಂದರೆ ನಗು, ಪರವಾಗಿಲ್ಲ. ನಿನ್ನ ಎರಡು ಕಾಗದವೂ ತಲುಪಿದ್ದವು. ದೇವಮಾತೆಯ ಪಟದ ಹಿಂದೆ ಇಟ್ಟಿದ್ದೇನೆ. ಉತ್ತರ ಬರೆಯದೆ ಇದ್ದದ್ದು ಸಿಟ್ಟಿನಿಂದ. ಆಮೇಲೆ ಸಿಟ್ಟು ಇಳಿಯಿತು, ಆಗ ನಾಚಿಕೆಯಿಂದ.

ಅವರು ಬಂದದ್ದು ಮಂಗಳವಾರ ಮಧ್ಯಾಹ್ನ. ನಾನು ಅಂಗಳದಲ್ಲಿ ಸೆಣಬಿನ ಕಡ್ಡಿಗಳನ್ನು ಕಟ್ಟು ಕಟ್ಟುತ್ತಿದ್ದೆ, ಮಾರನೆಯ ದಿನ ಹೊಳೆಯಲ್ಲಿ ನೆನೆಹಾಕಬೇಕಿತ್ತು. ಗೇಟು ಕಿರುಗುಟ್ಟಿತು. ತಲೆ ಎತ್ತಿ ನೋಡಿದರೆ ಒಬ್ಬ ಮುದುಕ. ಬೋಳು ತಲೆ, ಆ ಬಿಸಿಲಲ್ಲೂ ಚಳಿಗಾಲದ ಕೋಟು. ಊರೂರು ಅಲೆಯುವವರು ಯಾರೋ ಅಂದುಕೊಂಡು, "ಬ್ರೆಡ್ಡು ಅಲ್ಲಿ ಜಗಲಿ ಮೇಲಿದೆ, ತಗೊಳಪ್ಪ. ನೀರು ಬಾವೀಲಿದೆ" ಅಂದೆ. ಆ ಮನುಷ್ಯ ಅಲ್ಲಾಡಲಿಲ್ಲ. ಗೇಟನ್ನು ಹಿಂದಕ್ಕೂ ಮುಂದಕ್ಕೂ ಎರಡು ಸಲ ಆಡಿಸಿ ನೋಡಿ, "ಅಲ್ಲ ಸವೇತ, ಇದಕ್ಕೊಂದು ತೊಟ್ಟು ಎಣ್ಣೆ ಹಾಕೋರು ಈ ಮನೇಲಿ ಯಾರೂ ಇರ್ಲಿಲ್ವಾ" ಅಂದರು.

ಐದು ವರ್ಷ ಮನಸ್ಸಿನಲ್ಲಿ ಎಷ್ಟು ಮಾತು ಕೂಡಿಟ್ಟಿದ್ದೆ ಅಂತೀಯ. ಕೊನೆಗೆ, "ಇಷ್ಟು ಹೊತ್ತು ಎಲ್ಲಿ ಹೋಗಿದ್ರಿ" ಅಂದೆ. ಮಾರ್ಕೆಟ್ಟಿಗೆ ಹೋಗಿ ತಡವಾಗಿ ಬಂದವರನ್ನು ಕೇಳುವ ಹಾಗೆ. ಏಳಲು ಹೋಗಿ ಸೆಣಬಿನ ರಾಶಿಯ ಮೇಲೇ ಕೂತುಬಿಟ್ಟೆ. ಅವರೇ ಬಂದು ಪಕ್ಕದಲ್ಲಿ ಕೂತರು. ಎಷ್ಟು ಹೊತ್ತು ಕೂತಿದ್ದೆವೋ ಗೊತ್ತಿಲ್ಲ, ಕೋಳಿಗಳು ಬಂದು ನಮ್ಮ ಕಾಲ ಸುತ್ತ ಕೆದಕುತ್ತಿದ್ದವು.

ಆ ಗೇಟಿಗೆ ನಾನು ಬೇಕೆಂದೇ ಎಣ್ಣೆ ಹಾಕಿರಲಿಲ್ಲ ಕಣೇ. ಅವರು ಬಂದರೆ ನಾನು ಹಿತ್ತಲಲ್ಲಿದ್ದರೂ ಗೊತ್ತಾಗಲಿ ಅಂತ. ಪಕ್ಕದ ಮನೆಯ ಸಫ್ತಕ್ಕ ವಾರಕ್ಕೊಂದು ಸಲ ಬೇಲಿಯ ಮೇಲಿಂದ ಚುಚ್ಚುತ್ತಿದ್ದಳು. "ಲೇ ಸವೇತ, ನಿನ್ನ ಗೇಟಿನ ಸದ್ದಿಗೆ ನಮ್ಮ ಹಸು ಹಾಲೇ ಇಳಿಸ್ತಿಲ್ಲ. ಎಣ್ಣೆ ಹಾಕೋಕೂ ಗಂಡಾನೇ ಬರ್ಬೇಕಾ?" ಹೂಂ, ಗಂಡನೇ ಬರಬೇಕು ಅನ್ನುತ್ತಿದ್ದೆ. ಬುಧವಾರ ಬೆಳಿಗ್ಗೆ ಎದ್ದು ನಿನ್ನ ಅಪ್ಪ ಮಾಡಿದ ಮೊದಲ ಕೆಲಸವೇ ಅದು. ಈಗ ಗೇಟು ತುಟಿ ಬಿಚ್ಚುವುದಿಲ್ಲ. ಯಾರಾದರೂ ಒಳಗೆ ಬಂದು ಎದುರಿಗೆ ನಿಂತಾಗ ನಾನು ಬೆಚ್ಚಿಬೀಳುತ್ತೇನೆ.

ದೇವಮಾತೆಯ ಹಬ್ಬಕ್ಕೆ ಮುಂಚಿನ ಉಪವಾಸ ನಡೆಯುತ್ತಿದೆಯಲ್ಲ, ಮೊಟ್ಟೆ ಹಾಲು ಏನೂ ಮುಟ್ಟುವ ಹಾಗಿಲ್ಲ. ಈ ಮೂಳೆಗಳಿಗೆ ಬರೀ ಹುರುಳಿಕಾಯಿ ಹೇಗೆ ಬಡಿಸಲಿ ಅಂತ ನಮ್ಮ ವಿಸಾರಿಯೊನ್ ಪಾದ್ರಿಗಳನ್ನು ಕೇಳಲು ಓಡಿದೆ. ಅವರಿಗೀಗ ಎಂಬತ್ತರ ಹತ್ತಿರ, ಕನ್ನಡಕದ ಗಾಜು ಬಾಟಲಿಯ ತಳದಷ್ಟು ದಪ್ಪ. "ಅವನ ಉಪವಾಸ ಐದು ವರ್ಷದ್ದು ಮುಗೀತು ಸವೇತಮ್ಮ. ಹೋಗಿ ಕೋಳಿ ಕೊಯ್ಯಿ. ಪಾಪ ಬಂದ್ರೆ ನನ್ನ ತಲೆಗೆ" ಅಂದರು. ಚುಕ್ಕೆ ಕೋಳಿಯನ್ನು ಕೊಯ್ದೆ. ನಿನ್ನ ಅಪ್ಪ ಎರಡು ಚಮಚ ಸಾರು ಕುಡಿದು ಬಟ್ಟಲನ್ನು ನನ್ನ ಕಡೆ ತಳ್ಳಿದರು. "ನೀನು ತಿನ್ನು, ನಾನು ನೋಡ್ತೀನಿ" ಅಂದರು. ತಿಂದೆ. ಆ ಪಾಪವೂ ಪಾದ್ರಿಗಳ ಲೆಕ್ಕಕ್ಕೇ.

ಜೈಲಿನ ಕಥೆಯನ್ನು ಅವರು ಹೇಳುವುದು ಕಡಿಮೆ. ಕೇಳುವುದೂ ಬೇಡ ಅಂತ ನಾನು ಸುಮ್ಮನಿದ್ದೇನೆ. ಹೇಳಿದ್ದು ಈಸ್ಟರಿನ ಒಂದು ಕಥೆ ಮಾತ್ರ. ಆ ಕೋಣೆಯಲ್ಲಿ ಹದಿನಾಲ್ಕು ಜನರಂತೆ. ಇವರು ನಮ್ಮ ಚರ್ಚಿನ ಹಾಡುಗಾರರಲ್ಲವೇ, ಯಾವ ಹಬ್ಬಕ್ಕೆ ಯಾವ ಹಾಡು ಅನ್ನುವುದೆಲ್ಲ ಬಾಯಿಪಾಠ. ಹಾಗಾಗಿ ದಿನ ಎಣಿಸುವ ಕೆಲಸ ಇವರ ತಲೆಗೆ ಬಂತು. ಗೋಡೆಯ ಮೇಲೆ ಗೀಚಿದರೆ ಶಿಕ್ಷೆ, ಹಾಗಾಗಿ ಕೋಟಿನ ಒಳಗಡೆ ಗಂಟು ಹಾಕುತ್ತಾ ಎಣಿಸಿದರಂತೆ. ಒಂದು ವರ್ಷ ಲೆಕ್ಕದ ಪ್ರಕಾರ ಈಸ್ಟರ್ ಬಂತು. ಹದಿನಾಲ್ಕು ಜನ ಎದ್ದು ಪಿಸುಮಾತಿನಲ್ಲಿ ಹಾಡಿದರು, ಒಬ್ಬರನ್ನೊಬ್ಬರು ತಬ್ಬಿಕೊಂಡರು, ಉಳಿಸಿಟ್ಟಿದ್ದ ಬ್ರೆಡ್ಡು ಹಂಚಿಕೊಂಡರು. ಎಂಟು ದಿನ ಕಳೆದ ಮೇಲೆ ಬಾಗಿಲಿನ ಕಿಂಡಿಯಲ್ಲಿ ಗಂಜಿ ತಳ್ಳುವ ಕಾವಲಿನವನ ಬೆರಳು ನೋಡುತ್ತಾರೆ, ಉಗುರಿನವರೆಗೆ ಕೆಂಪು. ಮನೆಯಲ್ಲಿ ಅವನ ಹೆಂಡತಿ ಈಸ್ಟರಿಗೆ ಮೊಟ್ಟೆಗೆ ಬಣ್ಣ ಹಾಕಿದ್ದಾಳೆ, ಇವನು ಕೈ ಹಾಕಿದ್ದಾನೆ. ಅಲ್ಲಿಗೆ ಈಸ್ಟರ್ ನಿನ್ನೆಯೋ ಇವತ್ತೋ ಅಂತ ಎಲ್ಲರಿಗೂ ಗೊತ್ತಾಯಿತು. ಒಬ್ಬ ಮುದುಕ ಇವರ ಮೇಲೆ ರೇಗಿದನಂತೆ, "ಏನಯ್ಯಾ ಗವ್ರಿಲ್, ಯೇಸು ಸ್ವಾಮಿ ಇನ್ನೂ ಶಿಲುಬೆಗೇ ಏರಿರ್ಲಿಲ್ಲ, ನೀನು ಆಗ್ಲೇ ಎಬ್ಬಿಸಿಬಿಟ್ಟಿದ್ದೀಯಲ್ಲ" ಅಂತ. ಮತ್ತೆ ಇನ್ನೊಂದು ಸಲ ಎದ್ದು ಹಾಡಿದರು. "ಆ ವರ್ಷ ನಮ್ಗೆ ಎರಡು ಈಸ್ಟರ್ ಬಂತು ಕಣೇ, ನಿಮ್ಗೆ ಒಂದೇ" ಅಂತ ನಿನ್ನ ಅಪ್ಪ ನನ್ನ ಹೊಟ್ಟೆ ಉರಿಸಿದರು.

ಸರಿ. ಇನ್ನು ನಿನ್ನ ವಿಷಯ. ಸುತ್ತಿ ಬಳಸಿ ಬರುತ್ತಿದ್ದೇನೆ ಅಂತ ನಿನಗೂ ಗೊತ್ತಾಗಿರುತ್ತದೆ.

ಸೆಣಬಿನ ರಾಶಿಯ ಮೇಲೆ ಕೂತಿದ್ದಾಗ ಅವರು ಕೇಳಿದ ಮೊದಲ ಪ್ರಶ್ನೆ, "ಹುಡುಗಿ ಎಲ್ಲಿ?" ಯಾಶ್ ಪಟ್ಟಣದಲ್ಲಿದ್ದಾಳೆ, ಶಾಲೆಯಲ್ಲಿ ಟೀಚರ್, ಒಳ್ಳೆಯ ಕಡೆ ಮದುವೆಯಾಗಿದೆ, ಒಂದೂವರೆ ವರ್ಷದ ಮಗಳಿದ್ದಾಳೆ, ನಿಮ್ಮ ಅಮ್ಮನ ಹೆಸರೇ ಇಟ್ಟಿದ್ದಾಳೆ, ಇಲಿಂಕ ಅಂತ, ಇಷ್ಟೂ ಹೇಳಿದೆ. ಇದೆಲ್ಲ ನನಗೆ ಗೊತ್ತಿರುವುದು ನಿನ್ನ ಕಾಗದದಿಂದ, ಮಗುವನ್ನು ಒಮ್ಮೆಯೂ ನೋಡಿಲ್ಲ ಅನ್ನುವುದನ್ನು ಮಾತ್ರ ಹೇಳಲಿಲ್ಲ. ಯಾವಾಗ ಬರ್ತಾಳೆ ಅಂದರು. ಹಬ್ಬಕ್ಕೆ ಅಂದುಬಿಟ್ಟೆ. ಅವತ್ತಿನಿಂದ ಬಸ್ಸು ಬರುವ ಹೊತ್ತಿಗೆ ಕೋಟು ಹಾಕಿಕೊಂಡು ರಸ್ತೆಗೆ ಹೋಗಿ ನಿಲ್ಲುತ್ತಾರೆ. ಹಬ್ಬ ಶನಿವಾರ, ಇನ್ನೂ ದಿನ ಇದೆ ಅಂದರೆ, "ಮುಂಚೆ ಬಂದ್ರೆ?" ಅನ್ನುತ್ತಾರೆ.

ನನಗೆ ಭಯ ಇರುವುದು ನೀನು ಬರುವುದೇ ಇಲ್ಲ ಅಂತ. ನಿನ್ನ ಎರಡನೆಯ ಕಾಗದದಲ್ಲಿ ನೀನೇ ಬರೆದಿದ್ದೆ, ಅಪ್ಪ ತಿರುಗಿ ಬಂದರೂ ನಾನು ಅವರ ಮುಖ ನೋಡಲಾರೆ, ನನ್ನ ಕೈಯಾರೆ ಅವರನ್ನು ಸಾಯಿಸಿದ್ದೇನೆ ಅಂತ. ಆ ಸಾಲನ್ನು ಎಷ್ಟು ಸಲ ಓದಿದ್ದೇನೋ. ಅದಕ್ಕೇ ನೀನು ಮನೆ ಬಿಟ್ಟ ದಿನದ ಮಾತನ್ನು ನಾನು ಎತ್ತಲೇಬೇಕು.

ನೀನು ಮಾಡಿದ್ದು ಏನು? ಕಾಲೇಜಿನ ಅರ್ಜಿಯಲ್ಲಿ ತಂದೆ ಅನ್ನುವ ಕಡೆ "ತೀರಿಕೊಂಡಿದ್ದಾರೆ" ಅಂತ ಬರೆದೆ. ಎಲ್ಲರೂ ಜಮೀನನ್ನು ಸರ್ಕಾರದ ಸಾಮೂಹಿಕ ಬೇಸಾಯಕ್ಕೆ ಬರೆದುಕೊಡಬೇಕು ಅಂತ ಕರೆದ ಸಭೆಯಲ್ಲಿ ಅಪ್ಪ ಎದ್ದು ನಿಂತು, "ಭೂಮಿ ದೇವರದು, ನಾನು ಉಳೋನಷ್ಟೆ. ನಂದಲ್ಲದ್ದನ್ನ ನಿಮ್ಗೆ ಹ್ಯಾಗೆ ಬರ್ಕೊಡ್ಲಿ" ಅಂದರು. ಅಷ್ಟೇ ಅಂದದ್ದು. ಪೊಲೀಸರು ಹಿಡಿದುಕೊಂಡು ಹೋದರು. ಮರುವರ್ಷ ನೀನು ತಂದೆ ಜೈಲಿನಲ್ಲಿದ್ದಾರೆ ಅಂತ ನಿಜ ಬರೆದೆ, ಪರೀಕ್ಷೆಗೇ ಕೂರಿಸಲಿಲ್ಲ. ಅದರ ಮುಂದಿನ ವರ್ಷ ಸುಳ್ಳು ಬರೆದೆ, ಸೇರಿಸಿಕೊಂಡರು. ಇಪ್ಪತ್ತೊಂದು ವರ್ಷದ ಹುಡುಗಿ ಇನ್ನೇನು ಮಾಡಬೇಕಿತ್ತು? ಇದನ್ನು ಈಗ ಹೇಳುತ್ತಿದ್ದೇನೆ. ಆಗ ಹೇಳಲಿಲ್ಲ.

ಆಗ ನೀನು ಬಂದು ಕಾಲ ಹತ್ತಿರ ಕೂತು ಕೇಳಿಕೊಂಡೆ. ನಾನು ಭಾನುವಾರದ ಚೀಟಿ ಬರೆಯುತ್ತಿದ್ದೆ. ಹೆಸರು ಓದಿ ಪ್ರಾರ್ಥಿಸಲಿ ಅಂತ ಬ್ರೆಡ್ಡು, ಮೇಣದಬತ್ತಿಯ ಜೊತೆ ಪಾದ್ರಿಗಳಿಗೆ ಕೊಡುತ್ತೇವಲ್ಲ, ಮಧ್ಯಕ್ಕೆ ಮಡಚಿದ ಆ ಚೀಟಿ. ಎಡಗಡೆ ಬದುಕಿರುವವರು, ಬಲಗಡೆ ತೀರಿಕೊಂಡವರು. ಎಡಗಡೆ ನಾನು ಗವ್ರಿಲ್, ಸವೇತ, ರುಕ್ಸಾಂದ್ರ ಅಂತ ಬರೆದದ್ದನ್ನು ನೋಡಿ ನೀನು, "ಅಮ್ಮ, ಅಪ್ಪನ್ನ ಬಲಗಡೆಗೆ ಹಾಕಮ್ಮ. ಎರಡು ವರ್ಷದಿಂದ ಒಂದು ಸುದ್ದಿ ಇಲ್ಲ. ನೀನು ಎಡಗಡೆ ಬರೀತಾ ಇದ್ರೆ ಊರೋರು ಆಡ್ಕೋತಾರೆ, ಯಾರಾದ್ರೂ ಕಾಲೇಜಿಗೆ ಹೇಳ್ತಾರೆ. ನಂಗೂ ಉಸಿರಾಡೋಕೆ ಬಿಡು" ಅಂದೆ. ನಾನು ಏನಂದೆ ಅಂತ ನಿನಗೆ ನೆನಪಿದೆ. ನನಗೂ ನೆನಪಿದೆ. ಅಪ್ಪ ಸತ್ತಿದ್ದರೆ ನೀನು ಅನಾಥೆ, ಅನಾಥರಿಗೆ ಈ ಮನೆಯಲ್ಲಿ ಜಾಗ ಇಲ್ಲ ಅಂದೆ. ನೀನು ಶಾಲು ಹೊದ್ದು ಹೊರಟೆ. ಗೇಟು ಕಿರುಗುಟ್ಟಿತು. ನಾನು ಎದ್ದು ಬರಲಿಲ್ಲ. ತಪ್ಪಾಯಿತು ಮಗಳೇ. ಮೂರು ವರ್ಷ ತಡವಾಗಿ ಹೇಳುತ್ತಿದ್ದೇನೆ, ತಪ್ಪಾಯಿತು.

ಊರವರು ನನ್ನನ್ನು ಬಹಳ ಹೊಗಳಿದರು. ಸವೇತಳ ನಂಬಿಕೆ ಅಂದರೆ ಬಂಡೆ, ಒಂದು ದಿನವೂ ಅಲುಗಲಿಲ್ಲ ಅಂತ. ಸಫ್ತಕ್ಕ ಒಬ್ಬಳು ಮಾತ್ರ ನನ್ನನ್ನು ಬಂಡೆ ಅನ್ನಲಿಲ್ಲ, ಅವಳಿಗೆ ನನ್ನ ಅಡುಗೆಮನೆ ಕಾಣುತ್ತದೆ. ನೀನು ಹೋದ ಚಳಿಗಾಲ ಮುಗಿಯುತ್ತಾ ಬಂದಾಗ, ಸತ್ತವರ ಶನಿವಾರಕ್ಕೆ ನಾನು ನಿನ್ನ ಅಜ್ಜಿಯ ಹೆಸರಿನಲ್ಲಿ ಚರ್ಚಿನಲ್ಲಿ ಹಂಚುವ ಸಿಹಿ ಗೋಧಿ ಬೇಯಿಸುತ್ತಿದ್ದೆ. ಅವಳು ಕಿಟಕಿಯಲ್ಲಿ ಇಣುಕಿ, "ಏನೇ ಇದು, ಒಂದು ಮುದುಕಿಗೆ ಇಷ್ಟು ದೊಡ್ಡ ಪಾತ್ರೇಲಿ ಗೋಧಿನಾ? ನಿಮ್ಮತ್ತೆ ಬದುಕಿದ್ದಾಗ್ಲೂ ಇಷ್ಟು ತಿಂದೋಳಲ್ಲ" ಅಂದಳು. ಅವಳ ನಾಲಿಗೆ ನಿನಗೆ ಗೊತ್ತಲ್ಲ.

ಈಗ ಮುಖ್ಯವಾದ್ದು ಹೇಳುತ್ತೇನೆ, ನಿಧಾನವಾಗಿ ಓದು. ಗುರುವಾರ ನಾವಿಬ್ಬರೂ ಪ್ಲಮ್ ಆಯುತ್ತಿದ್ದೆವು. ನಿನ್ನ ಅರ್ಜಿಯ ವಿಷಯ ಅವರಿಗೆ ಬೇರೆ ಯಾರ ಬಾಯಿಂದಲೋ ತಿಳಿಯುವ ಮೊದಲು ನಾನೇ ಹೇಳೋಣ ಅಂತ ಬಾಯಿ ತೆರೆದೆ. "ಅದು ನಂಗೆ ಗೊತ್ತು" ಅಂದರು.

ಅಲ್ಲಿ ವಿಚಾರಣೆ ಮಾಡುವವನು ಒಬ್ಬ ಇವರನ್ನು ಕರೆಸಿ ಆ ಅರ್ಜಿಯನ್ನು ಮೇಜಿನ ಮೇಲೆ ಇಟ್ಟನಂತೆ. "ನೋಡು, ನಿನ್ನ ಮಗಳೇ ನಿನ್ನನ್ನ ಮಣ್ಣು ಮಾಡಿದ್ದಾಳೆ. ಇನ್ನು ಯಾರಿಗೋಸ್ಕರ ಹಟ ಮಾಡ್ತೀಯ" ಅಂದನಂತೆ. ಇವರು ಆ ಕಾಗದವನ್ನು ಹತ್ತಿರ ಎಳೆದುಕೊಂಡು ಮೇಲಿಂದ ಕೆಳಗಿನವರೆಗೆ ಓದಿದರು. ನಿನ್ನ ಅಕ್ಷರ. ಯಾಶ್‌ನಲ್ಲಿದ್ದೀಯ, ಓದುತ್ತಿದ್ದೀಯ. ಆರೋಗ್ಯ ಅನ್ನುವ ಕಡೆ "ಉತ್ತಮ" ಅಂತ ಬರೆದಿದ್ದೀಯ. ತಾಯಿ ಅನ್ನುವ ಕಡೆ "ಸವೇತ, ಬದುಕಿದ್ದಾರೆ, ಪೊಯಾನದಲ್ಲಿ ವಾಸ." ಇನ್ನೊಂದು ಸಲ ಓದಿದರು. ಆ ಮನುಷ್ಯ ಕಸಿದುಕೊಳ್ಳುವಷ್ಟರಲ್ಲಿ ಮೂರನೆಯ ಸಲ ಅರ್ಧ ಆಗಿತ್ತು. ಇವರು ಅತ್ತರು. ಸೋತ ಅಂತ ಅವನು ಅಂದುಕೊಂಡ.

"ಸವೇತ, ಐದು ವರ್ಷದಲ್ಲಿ ಮನೆಯಿಂದ ನಂಗೆ ಬಂದ ಕಾಗದ ಅದೊಂದೇ" ಅಂದರು ನಿನ್ನ ಅಪ್ಪ. "ನೀವಿಬ್ರೂ ಇದ್ದೀರೋ ಇಲ್ವೋ ಅಂತ ದಿನಾ ದೇವರ ಹತ್ರ ಕೇಳ್ತಿದ್ದೆ. ತಾಳ್ಮೆ ಕೊಡು, ಇಲ್ದಿದ್ರೆ ಸುದ್ದಿ ಕೊಡು ಅಂತ. ಅವ್ನು ನನ್ನ ಮುರಿಯೋಕೆ ಅಂತ ತಂದ, ದೇವ್ರು ಅವ್ನ ಕೈಯಲ್ಲೇ ಸುದ್ದಿ ಕಳಿಸ್ದ. ಆಮೇಲೆ ನಂಗೆ ಕಷ್ಟ ಆಗ್ಲೇ ಇಲ್ಲ ಅಂತಲ್ಲ. ಆಯ್ತು. ಆದ್ರೆ ಕಾಯೋಕಾಯ್ತು." ಅಷ್ಟು ಹೇಳಿ ಮತ್ತೆ ಪ್ಲಮ್ ಆಯತೊಡಗಿದರು. "ಅವಳ ಅಕ್ಷರ ಮೊದಲಿಗಿಂತ ದುಂಡಗಾಗಿತ್ತು" ಅಂತ ಆಮೇಲೆ ಒಂದು ಮಾತು ಸೇರಿಸಿದರು.

ಕೇಳಿದೆಯಾ ರುಕ್ಸ? ನೀನು ಮೂರು ವರ್ಷದಿಂದ ಯಾವ ಕಾಗದಕ್ಕಾಗಿ ಅಳುತ್ತಿದ್ದೀಯೋ ಅದನ್ನು ಅವರು ಬಾಯಿಪಾಠ ಮಾಡಿ ಇಟ್ಟುಕೊಂಡಿದ್ದಾರೆ. ಹಾಗಾಗಿ ಮುಖ ನೋಡಲಾರೆ ಅನ್ನುವ ಮಾತು ಮುಗಿಯಿತು. ಶನಿವಾರ ಹಬ್ಬ. ಶುಕ್ರವಾರದ ಬಸ್ಸಿಗೆ ಬಾ. ಅಳಿಯಂದಿರಿಗೆ ರಜೆ ಸಿಗದಿದ್ದರೆ ಮಗುವನ್ನು ಕರೆದುಕೊಂಡು ನೀನೇ ಬಾ. ಇಲಿಂಕಳ ತೊಟ್ಟಿಲಿಗೆ ಅಂತ ನಿನ್ನ ಅಪ್ಪ ಅಟ್ಟದಿಂದ ಹಲಗೆ ಇಳಿಸಿದ್ದಾರೆ. ಒಂದೂವರೆ ವರ್ಷದ ಮಗುವಿಗೆ ತೊಟ್ಟಿಲು ಯಾಕೆ ಅಂತ ನಾನು ಹೇಳಿದರೆ ಕಿವಿ ಕೇಳದವರ ಹಾಗೆ ಆಡುತ್ತಾರೆ, ಮಂದ ಆಗಿರುವುದು ಒಂದೇ ಕಿವಿ ಅಂತ ನನಗೆ ಗೊತ್ತಿಲ್ಲವೇ.

ಬಸ್ಸಿನಿಂದ ಇಳಿದಾಗ ಕೋಟು ಹಾಕಿಕೊಂಡ ಮುದುಕ ನಿಂತಿರುತ್ತಾರೆ. ಗುರುತು ಸಿಗದಿದ್ದರೆ ಗಾಬರಿಯಾಗಬೇಡ, ನನಗೂ ಸಿಗಲಿಲ್ಲ.

ನಿನ್ನ ದಾರಿ ನೋಡುತ್ತಿರುವ ಅಮ್ಮ,
ಸವೇತ

ಮರೆತದ್ದು: ಮರೆತದ್ದಲ್ಲ, ಬಚ್ಚಿಟ್ಟದ್ದು. ಕಾಗದ ಮಡಚಿ ಲಕೋಟೆಗೆ ಹಾಕಿದ್ದೆ, ಮತ್ತೆ ತೆಗೆದೆ. ನೀನು ಇಷ್ಟು ಹೊತ್ತು ನನ್ನನ್ನೂ ಬಂಡೆ ಅಂದುಕೊಂಡು ಓದಿದ್ದರೆ ನೀನು ಬರಲು ಇನ್ನೂ ಅಂಜುತ್ತೀಯ.

ನೀನು ಹೋದ ಮೇಲೆ ಆ ಚಳಿಗಾಲದಲ್ಲಿ ಅಪ್ಪನಿಗೆ ಉಣ್ಣೆಯ ಕಾಲುಚೀಲ ಹೆಣೆದು ಕಳಿಸಿದ್ದೆ. ಪಾರ್ಸೆಲ್ ವಾಪಸ್ಸು ಬಂತು, ಮೇಲೆ "ಈ ಹೆಸರಿನವರು ಇಲ್ಲಿಲ್ಲ" ಅಂತ ಬರೆದಿತ್ತು. ಯಾರಿಗೂ ತೋರಿಸಲಿಲ್ಲ. ಪ್ರಾರ್ಥನೆಗೆ ನಿಂತರೆ ಮಾತೇ ಬರುತ್ತಿರಲಿಲ್ಲ. ಸತ್ತವರ ಶನಿವಾರ ಬಂದಾಗ ಚೀಟಿಯ ಬಲಗಡೆ, ನಿನ್ನ ಅಜ್ಜಿಯ ಹೆಸರಿನ ಕೆಳಗೆ, ಗವ್ರಿಲ್ ಅಂತ ಬರೆದೆ. ನಿನ್ನನ್ನು ಮನೆಯಿಂದ ಓಡಿಸಿದ ಅದೇ ಕೈಯಲ್ಲಿ. ಪಾತ್ರೆ ದೊಡ್ಡದಾಗಿದ್ದದ್ದು ಅದಕ್ಕೇ, ಗೋಧಿ ಇಬ್ಬರಿಗೆ ಬೇಯುತ್ತಿತ್ತು.

ಚರ್ಚಿನಲ್ಲಿ ಪಾದ್ರಿಗಳು ಸತ್ತವರ ಹೆಸರು ಓದುವಾಗ ಉಸಿರು ಹಿಡಿದು ನಿಂತಿದ್ದೆ. ಇಲಿಂಕ ಅಂತ ಅಜ್ಜಿಯ ಹೆಸರು ಓದಿದರು, ಮುಂದಿನ ಚೀಟಿಗೆ ಹೋದರು. ಪಾಪ, ಕಣ್ಣು ಕಾಣದೆ ಬಿಟ್ಟರು ಅಂದುಕೊಂಡೆ. ಮಾರನೆಯ ದಿನ ಭಾನುವಾರ ನನ್ನ ಚೀಟಿಯ ಎಡಗಡೆ ಎರಡೇ ಹೆಸರು ಇದ್ದವು, ಸವೇತ, ರುಕ್ಸಾಂದ್ರ. ಅವರು ಬದುಕಿರುವವರ ಸಾಲಿನಲ್ಲಿ ಓದಿದ್ದು ಮೂರು. ಗವ್ರಿಲ್ ಅಂತ ಮೊದಲು ಓದಿದರು, ಇಡೀ ಚರ್ಚಿಗೆ ಕೇಳುವ ಹಾಗೆ. ಮನೆಗೆ ಬಂದು ಬಿಕ್ಕಿ ಬಿಕ್ಕಿ ಅತ್ತೆ. ಮುಂದಿನ ವಾರದಿಂದ ಮತ್ತೆ ಎಡಗಡೆ ಬರೆದೆ. ಅವರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಇವತ್ತು ಬೆಳಿಗ್ಗೆ ಆರಾಧನೆ ಮುಗಿದ ಮೇಲೆ ಪಾದ್ರಿಗಳು ತಮ್ಮ ಪ್ರಾರ್ಥನೆಯ ಪುಸ್ತಕದಿಂದ ಒಂದು ಹಳೆಯ ಚೀಟಿ ತೆಗೆದು ನನ್ನ ಕೈಗೆ ಕೊಟ್ಟರು. ಆ ಶನಿವಾರದ್ದು. ಅವತ್ತು ನಿಮಗೆ ಕಣ್ಣು ಕಾಣಿಸಲಿಲ್ಲವೇ ಸ್ವಾಮಿ ಅಂತ ಕೇಳಿದೆ. "ಚೆನ್ನಾಗೇ ಕಾಣಿಸ್ತು" ಅಂದರು. "ನಾನು ಮಣ್ಣು ಮಾಡದೋನನ್ನ ಸತ್ತೋರ ಜೊತೆ ಹ್ಯಾಗಮ್ಮ ಓದ್ಲಿ? ನಿನ್ ಕೈಲಿ ನಂಬೋಕೆ ಆಗ್ಲಿಲ್ಲ, ಆ ಒಂದು ವಾರ ನಿನ್ನ ಬದ್ಲು ನಾನು ನಂಬ್ದೆ. ಅದಕ್ಕೇ ಅಲ್ವಾ ನಾನಿರೋದು."

ದಾರಿಯಲ್ಲಿ ನಿನ್ನ ಅಪ್ಪನಿಗೆ ತೋರಿಸಿ ಎಲ್ಲ ಹೇಳಿದೆ. ಚೀಟಿಯನ್ನು ಎರಡು ಸಲ ಓದಿದರು. ಆಮೇಲೆ, "ತಾಯಿ ಮಗಳು ಇಬ್ರೂ ಒಂದೇ ಅಚ್ಚು. ಅದಿರ್ಲಿ, ನನ್ನ ಗೋಧೀಗೆ ಅಕ್ರೋಟು ಹಾಕಿದ್ಯಾ ಇಲ್ವಾ" ಅಂತ ಕೇಳಿದರು. ಹಾಕಿದ್ದೆ, ಜಾಸ್ತಿಯೇ ಹಾಕಿದ್ದೆ.

ಆ ಚೀಟಿಯನ್ನು ಇದರ ಜೊತೆ ಇಟ್ಟಿದ್ದೇನೆ. ಬಲಗಡೆ ಎರಡನೆಯ ಹೆಸರು ನನ್ನ ಕೈಬರಹ. ಅಲ್ಲಿಂದ ಎಡಗಡೆಗೆ ಪೆನ್ಸಿಲಿನಲ್ಲಿ ಎಳೆದ ಗೆರೆ ಪಾದ್ರಿಗಳದು. ನೋಡಿ ಜೋಪಾನವಾಗಿ ಇಟ್ಟುಕೋ, ನನಗೆ ಅದು ವಾಪಸ್ಸು ಬೇಕು. ಅಂಚೆಗೆ ಹಾಕಬೇಡ, ಕೈಯಲ್ಲೇ ತಂದುಕೊಡು.